ಟೊಪ್ಪಿಗೆಯ ಮೇಲಿನ ಅಕ್ಷರ

ಕಳೆದ ದಸರೆಯ ಹೊತ್ತಿಗೆ ಪುಣೆಯ ನಮ್ಮ ಹಳೆಯ ಮನೆಯನ್ನು ತೆರವು ಮಾಡುವ ಕಾಲ ಬಂದಿತು. ಒಡಹುಟ್ಟಿದ ನಾವು ಮೂವರೂ ಎಪ್ಪತ್ತು ದಾಟಿದವರು. ಸಾಮಾನು ಕಟ್ಟಿದ್ದಕ್ಕಿಂತ ಕುಳಿತು ಮಾತನಾಡಿದ್ದೇ ಹೆಚ್ಚು. ಕೊನೆಗೆ ಉಳಿದದ್ದು ಅಪ್ಪನ ಕಬ್ಬಿಣದ ಪೆಟ್ಟಿಗೆ. ಅಪ್ಪ ಮೀರಜದಲ್ಲಿ ಗಾರ್ಡರಾಗಿದ್ದರು. ಗಾಡಿಯೊಂದಿಗೆ ಹೋಗಿ ಗಾಡಿಯೊಂದಿಗೆ ಮರಳುತ್ತಿದ್ದ ಪೆಟ್ಟಿಗೆ ಅದು. ತೆರೆದು ನೋಡಿದರೆ, ಬಣ್ಣಗೆಟ್ಟ ಒಂದು ಕೆಂಪು ನಿಶಾನೆ, ಒಂದು ಹಸಿರು ನಿಶಾನೆ, ಒಂದು ಸೀಟಿ. ಅವುಗಳ ಅಡಿಯಲ್ಲಿ ಅವ್ವನ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಹಿತ್ತಾಳೆಯ ಬಿಲ್ಲೆ.

ಅದು ಟೊಪ್ಪಿಗೆಯ ಮುಂಭಾಗಕ್ಕೆ ಸಿಕ್ಕಿಸುವ ಬಿಲ್ಲೆ. ಅದರ ಮೇಲೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಮೊದಲಕ್ಷರಗಳು. ಕೆಳಗೆ 'ಗಾರ್ಡ್' ಎಂಬ ಒಂದೇ ಪದ. ನಾವು ಮೂವರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಏಕೆಂದರೆ ಆ ಬಿಲ್ಲೆ ಅಲ್ಲಿ ಇರಬಾರದಾಗಿತ್ತು. ಅದರ ಕಥೆಯನ್ನು ಆಮೇಲೆ ಹೇಳುತ್ತೇವೆ.

ಇಂದಿನ ಮಕ್ಕಳಿಗೆ ಮೀರಜವೆಂದರೆ ಗಾಡಿ ನಿಲ್ಲುವ ಒಂದು ಊರು. ನಮ್ಮ ಬಾಲ್ಯದಲ್ಲಿ ಅದೊಂದು ಸಂಗಮ. ಪುಣೆಯಿಂದ ಬೆಳಗಾವಿ, ಲೋಂಡಾ, ಹುಬ್ಬಳ್ಳಿಯ ಮಾರ್ಗವಾಗಿ ಬೆಂಗಳೂರಿಗೆ ಹೋಗುತ್ತಿದ್ದ ಮೀಟರ್ ಗೇಜಿನ ಗಾಡಿಗಳು ಒಂದು ಕಡೆ. ಪಂಢರಪುರದ ಕಡೆಯಿಂದ ಬರುತ್ತಿದ್ದ ಬಾರ್ಸಿ ಲೈಟ್ ರೈಲ್ವೆಯ ಎರಡೂವರೆ ಅಡಿ ಅಗಲದ ಪುಟ್ಟ ಗಾಡಿ ಇನ್ನೊಂದು ಕಡೆ. ಒಂದೇ ಸ್ಟೇಷನ್ನಿನಲ್ಲಿ ಎರಡು ಬಗೆಯ ಹಳಿ, ಎರಡು ಬಗೆಯ ನೌಕರರು. ಯಾರು ಯಾವ ರೈಲ್ವೆಯವರೆಂದು ತಿಳಿಯಲು ನಾವು ಮುಖ ನೋಡುತ್ತಿರಲಿಲ್ಲ, ಟೊಪ್ಪಿಗೆ ನೋಡುತ್ತಿದ್ದೆವು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ನಾವು ಕಲಿತದ್ದು ಶಾಲೆಯಲ್ಲಲ್ಲ. ರೈಲ್ವೆಯ ಕೋಟಿನ ಗುಂಡಿಗಳ ಮೇಲೆ ಮತ್ತು ಟೊಪ್ಪಿಗೆಯ ಬಿಲ್ಲೆಗಳ ಮೇಲೆ.

ಬಿಲ್ಲೆ ಬೆಳಗುವ ಕೆಲಸ ನಮ್ಮದು. ಹುಣಸೆಹಣ್ಣು, ಬೂದಿ, ಮೇಲೆ ಒಣಬಟ್ಟೆ. ಅಕ್ಷರದ ಸಂದಿನಲ್ಲಿ ಕಪ್ಪು ಉಳಿದರೆ ಅಪ್ಪ ಮರಳಿ ಕೊಡುತ್ತಿದ್ದರು. ಒಮ್ಮೆ ಬೇಸತ್ತು, "ಇದು ಇಷ್ಟು ಹೊಳದು ಏನಾಗಬೇಕಾಗೇದ?" ಎಂದು ಕೇಳಿದೆವು. ಅಪ್ಪ ಟೊಪ್ಪಿಗೆ ತಲೆಗಿಟ್ಟುಕೊಳ್ಳುತ್ತ, "ಇದು ನನ್ನ ಶೃಂಗಾರಕ್ಕಲ್ಲೋ. ಯಾರನ್ನ ಕೇಳಬೇಕು ಅನ್ನೂದು ಕೇಳಾವ್ರಿಗೆ ದೂರದಿಂದ ಕಾಣಲಿ ಅಂತ" ಎಂದರು. ಆ ವಯಸ್ಸಿಗೆ ಆ ಮಾತು ನಮ್ಮ ತಲೆಗೆ ಹತ್ತಲಿಲ್ಲ.

ಮುಂದೆ ಓದಿ ತಿಳಿದಂತೆ, ಈ ಲೆಕ್ಕ ಎಲ್ಲ ದೇಶಗಳಲ್ಲಿಯೂ ಇತ್ತು. ಇಂಗ್ಲೆಂಡಿನಲ್ಲಿ 1948ರಲ್ಲಿ ರೈಲ್ವೆ ಕಂಪನಿಗಳೆಲ್ಲ ಸರಕಾರದ ಕೈಗೆ ಬಂದು ಆರು ವಿಭಾಗಗಳಾದಾಗ, ವಿಭಾಗಕ್ಕೊಂದು ಬಣ್ಣ ಗೊತ್ತಾಯಿತು. ದಕ್ಷಿಣಕ್ಕೆ ಹಸಿರು, ಪಶ್ಚಿಮಕ್ಕೆ ಕಂದು, ಪೂರ್ವಕ್ಕೆ ಕಡುನೀಲಿ. ಟೊಪ್ಪಿಗೆಯ ಬಿಲ್ಲೆಗೂ ಅದೇ ಬಣ್ಣ. ಜರ್ಮನಿಯಲ್ಲಿ ಗಾಡಿಗೆ ಹೊರಡುವ ಅಪ್ಪಣೆ ಕೊಡುವ ಅಧಿಕಾರಿಗೆ ಕೆಂಪು ಟೊಪ್ಪಿಗೆ. ಆ ಟೊಪ್ಪಿಗೆಯವನು ಹಸಿರಂಚಿನ ಬಿಳಿಯ ತಟ್ಟೆಯನ್ನು ಎತ್ತಿದರೆ ಗಾಡಿ ಹೊರಡಬೇಕು. ಅದೇ ಕೆಂಪು ಟೊಪ್ಪಿಗೆ ಅಮೆರಿಕೆಯಲ್ಲಿಯೂ ಜಪಾನಿನಲ್ಲಿಯೂ ಸಾಮಾನು ಹೊರುವ ಹಮಾಲರದಾಗಿತ್ತು. ಜಪಾನಿನ ಸ್ಟೇಷನ್ ಮಾಸ್ತರರ ಟೊಪ್ಪಿಗೆಗೆ ಕೆಂಪು ಪಟ್ಟಿ, ಅದರ ಮೇಲೆ ಬಂಗಾರದ ಗೆರೆ. ಆ ದೇಶದ ಕಿಶಿ ಎಂಬ ಸಣ್ಣ ಸ್ಟೇಷನ್ನಿನಲ್ಲಿ 2007ರಲ್ಲಿ ತಾಮಾ ಎಂಬ ಬೆಕ್ಕನ್ನೇ ಸ್ಟೇಷನ್ ಮಾಸ್ತರನನ್ನಾಗಿ ನೇಮಿಸಿ, ತಲೆಗೆ ಟೊಪ್ಪಿಗೆ ಹಾಕಿದರಂತೆ! ಅದನ್ನು ನೋಡಲೆಂದೇ ಜನ ಗಾಡಿ ಹತ್ತಿ ಬಂದರು. ನಮ್ಮಲ್ಲಿ ಹಮಾಲರಿಗೆ ಕೆಂಪು ಅಂಗಿ. ತೋಳಿಗೆ ಅಂಕಿ ಕೊರೆದ ಹಿತ್ತಾಳೆಯ ಬಿಲ್ಲೆ. ಬಣ್ಣ ಯಾವುದೇ ಇರಲಿ, ಅಪರಿಚಿತನಿಗೆ ಅದು ಹೇಳುವ ಮಾತು ಒಂದೇ: 'ಈ ಕೆಲಸಕ್ಕೆ ನಾನು ಹೊಣೆ.'

ಈ ಹೊಣೆಯ ಬೆಲೆ ನಮ್ಮ ಮನೆಗೆ ತಿಳಿದದ್ದು 1958ರ ಚಳಿಗಾಲದಲ್ಲಿ.

ಅವ್ವನ ತವರಿನಿಂದ ತಂತಿ ಬಂದಿತು: ಅಜ್ಜಿಗೆ ಬಹಳ ಆಗಿದೆ, ಕೂಡಲೆ ಬನ್ನಿ. ಅಪ್ಪ ಗಾಡಿಯ ಮೇಲೆ ಹೋಗಿದ್ದರು. ಅವರ ದಾರಿ ಕಾಯುವಷ್ಟು ವೇಳೆ ಇರಲಿಲ್ಲ. ಅವ್ವ ನಮ್ಮ ಮೂವರನ್ನು ಕಟ್ಟಿಕೊಂಡು ಹೊರಟಳು. ನಡುದಾರಿಯ ದೊಡ್ಡ ಜಂಕ್ಷನ್ನೊಂದರಲ್ಲಿ ರಾತ್ರಿ ಗಾಡಿ ಬದಲಿಸಬೇಕಾಗಿತ್ತು. ಹೆಸರು ಬೇಡ. ಕತ್ತಲು, ಗದ್ದಲ, ತಂಗಿಗೆ ಜ್ವರ. ಕರಿಯ ಕೋಟು ತೊಟ್ಟ ಒಬ್ಬರು ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದರು. ಅವ್ವ ಅವರನ್ನು ಕೇಳಿದಳು. "ಇದೇ ಗಾಡಿ, ಹತ್ರಿ ಹತ್ರಿ" ಎಂದರು ಅವರು. ಹತ್ತಿದೆವು.

ಮೂರನೆಯ ಸ್ಟೇಷನ್ನಿನಲ್ಲಿ ಟಿಕೀಟು ತಪಾಸಣೆಯಾದಾಗ ನಾವು ಬೇರೆ ದಿಕ್ಕಿಗೆ ಸಾಗುತ್ತಿದ್ದೇವೆಂದು ತಿಳಿಯಿತು. ಇಳಿದೆವು. ಅದೊಂದು ಹಳ್ಳಿಯ ಸ್ಟೇಷನ್ನು. ಮಾಸ್ತರರು ಶಾಲು ಹೊದ್ದು ಒಳಗೆ ಕುಳಿತಿದ್ದವರು, ನಮ್ಮನ್ನು ನೋಡಿ ಮೊದಲು ಗೂಟದ ಮೇಲಿನ ಟೊಪ್ಪಿಗೆಯನ್ನು ತಲೆಗಿಟ್ಟುಕೊಂಡರು, ಅನಂತರ ಹೊರಗೆ ಬಂದು, "ಏನಾತ್ರೀ ತಾಯಿ?" ಎಂದು ಕೇಳಿದರು. ತಮ್ಮ ಹೆಸರನ್ನು ತಾವಾಗಿಯೇ ಹೇಳಿದರು. ತಂಗಿಗೆ ಬಿಸಿನೀರು ತರಿಸಿಕೊಟ್ಟರು. ಬೆಳಗಿನ ಗಾಡಿಗೆ ನಮ್ಮನ್ನು ಹತ್ತಿಸಿ, ಅದರ ಗಾರ್ಡರಿಗೆ ನಮ್ಮನ್ನು ಒಪ್ಪಿಸಿದರು.

ಅಜ್ಜಿಯ ಊರು ಮುಟ್ಟುವಾಗ ಮರುದಿನ ಸಂಜೆ. ಅಜ್ಜಿ ಬೆಳಿಗ್ಗೆಯೇ ಹೋಗಿದ್ದಳು, ಮಣ್ಣು ಮುಗಿದಿತ್ತು. ಕೊನೆಯ ತನಕ ಅವ್ವನ ಹೆಸರು ಹಿಡಿದು ಕರೆಯುತ್ತಿದ್ದಳೆಂದು ಸೋದರತ್ತೆ ಹೇಳಿದಳು. ಹೇಳದಿದ್ದರೆ ಒಳ್ಳೆಯದಿತ್ತು.

ಮರಳಿ ಬಂದ ಮೇಲೆ ಅಪ್ಪ ಎಲ್ಲವನ್ನೂ ಕೇಳಿಕೊಂಡರು. ಬಹಳ ಹೊತ್ತಿನ ಮೇಲೆ, "ಅವರ ತಲಿಮ್ಯಾಲೆ ಟೊಪ್ಪಿಗಿ ಇತ್ತೇನು?" ಎಂದರು. ಅವ್ವ ಸೆರಗಿನಿಂದ ಕಣ್ಣೊರಸಿಕೊಂಡು, "ನಾ ಕೋಟು ನೋಡಿದೆ. ತಲಿ ನೋಡಲಿಲ್ಲ" ಎಂದಳು. ಆ ಮನುಷ್ಯರು ರೈಲ್ವೆಯವರೋ, ಕರಿಕೋಟಿನ ಯಾವನೋ ಪ್ರಯಾಣಿಕನೋ, ಇಂದಿಗೂ ನಮಗೆ ತಿಳಿಯದು. ದೂರು ಕೊಡಲು ಹೆಸರಿಲ್ಲ, ಅಂಕಿಯಿಲ್ಲ.

ಅಂದಿನಿಂದ ಅಪ್ಪನಿಗೊಂದು ರೂಢಿ ಬಿದ್ದಿತು. ರಜೆಯ ದಿನ ಧೋತರ ಉಟ್ಟು ಸ್ಟೇಷನ್ನಿಗೆ ಹೋದಾಗ ಯಾರಾದರೂ, "ಬೆಳಗಾವಿ ಗಾಡಿ ಯಾವುದ್ರೀ?" ಎಂದು ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ. ವೇಳಾಪಟ್ಟಿ ಅವರಿಗೆ ಬಾಯಿಪಾಠ, ಆದರೂ ಕೊಡುತ್ತಿರಲಿಲ್ಲ. ಕೇಳಿದವರ ಗಂಟನ್ನು ತಾವೇ ಎತ್ತಿಕೊಂಡು, ಕೆಲಸದ ಮೇಲಿದ್ದ ಟೊಪ್ಪಿಗೆಯವರ ಮುಂದೆ ಅವರನ್ನು ನಿಲ್ಲಿಸಿ, "ಇವ್ರನ್ನ ಕೇಳ್ರಿ" ಎನ್ನುತ್ತಿದ್ದರು. ಜನ ನಕ್ಕರು. ಇವರಿಗೆ ಸೊಕ್ಕೆಂದವರೂ ಉಂಟು. ನಮಗೂ ನಾಚಿಕೆಯಾಗುತ್ತಿತ್ತು. ಆದರೆ ಅವ್ವ ಒಂದು ದಿನವೂ ನಗಲಿಲ್ಲ.

ಇನ್ನು ಆ ಬಿಲ್ಲೆಯ ಕಥೆ. ಅಪ್ಪ ನೌಕರಿಗೆ ಸೇರಿದ್ದು 1943ರಲ್ಲಿ, ಕಂಪನಿಯ ಕಾಲದಲ್ಲಿ. 1944ರಲ್ಲಿ ಸರಕಾರ ಆ ರೈಲ್ವೆಯನ್ನು ವಹಿಸಿಕೊಂಡರೂ ಹೆಸರು ಹಾಗೆಯೇ ಇತ್ತು. 1951ರ ಏಪ್ರಿಲ್ 14ರಂದು ಅದು, ಸೌತ್ ಇಂಡಿಯನ್ ರೈಲ್ವೆ ಮತ್ತು ಮೈಸೂರು ರೈಲ್ವೆ ಕೂಡಿ ದಕ್ಷಿಣ ರೈಲ್ವೆಯಾಯಿತು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ನಮ್ಮ ಭಾಗ ಅದರ ಪಾಲಿಗೆ ಬಂದಿತು. ಅಪ್ಪ ಊರು ಬದಲಿಸಲಿಲ್ಲ, ಕ್ವಾರ್ಟರ್ಸು ಬದಲಿಸಲಿಲ್ಲ. ಮೂರು ರೈಲ್ವೆಗಳ ನೌಕರಿ ಮಾಡಿದರು. ನಮ್ಮ ಪಾಡೂ ಹಾಗೆಯೇ ಆಯಿತಲ್ಲ! ನಾವು ಇದ್ದಲ್ಲಿಯೇ ಇದ್ದೆವು. 1956ರಲ್ಲಿ ಬೆಳಗಾವಿ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಹೋದವು. ಮೀರಜ ಮುಂಬಯಿಯಲ್ಲಿ ಉಳಿಯಿತು. ಒಂದು ಹೆಜ್ಜೆಯನ್ನೂ ಇಡದೆ ನಾವು ಹೊರನಾಡ ಕನ್ನಡಿಗರಾದೆವು.

ಹೊಸ ಅಕ್ಷರದ ಬಿಲ್ಲೆ ಬಂದಾಗ ಹಳೆಯದನ್ನು ಮರಳಿ ಒಪ್ಪಿಸಬೇಕಾಗಿತ್ತು. ಅಪ್ಪ, ಕಳೆದುಹೋಯಿತೆಂದು ಬರೆದುಕೊಟ್ಟು ಅದರ ಬೆಲೆ ಕಟ್ಟಿದರು. ಒಂದು ಪೆನ್ಸಿಲ್ಲನ್ನೂ ಮನೆಗೆ ತಾರದ ಮನುಷ್ಯ ನೌಕರಿಯಲ್ಲಿ ಹೇಳಿದ ಒಂದೇ ಸುಳ್ಳು ಅದು ಎಂದು ಅವ್ವ ಅವರು ತೀರಿಕೊಂಡ ಮೇಲೆ ಹೇಳಿದಳು. ಏಕೆ ಇಟ್ಟುಕೊಂಡರೆಂದು ಕೇಳಿದರೆ, "ಆ ಬಿಲ್ಲಿ ನೋಡೇ ನಮ್ಮಪ್ಪ ನನ್ನ ಕೊಟ್ಟಿದ್ರು" ಎಂದು ನಕ್ಕಿದ್ದಳು.

ಈಗ ರೈಲಿನಲ್ಲಿ ಟೊಪ್ಪಿಗೆ ಕಾಣುವುದು ಅಪರೂಪ. ಗಾರ್ಡ್ ಎಂಬ ಹೆಸರೂ ಹೋಗಿ 2022ರಿಂದ ಟ್ರೇನ್ ಮ್ಯಾನೇಜರ್ ಎಂದಾಗಿದೆ. ಆದರೆ 1976ರ ರೈಲ್ವೆ ಸಾಮಾನ್ಯ ನಿಯಮಗಳಲ್ಲಿ ಒಂದು ಮಾತುಂಟು: ನೌಕರನು ಕೆಲಸದ ಮೇಲಿರುವಾಗ ಗೊತ್ತುಪಡಿಸಿದ ಬಿಲ್ಲೆ, ಉಡುಪು ಧರಿಸಿರಬೇಕು, ಜನರಿಗೆ ಸರಿಯಾದ ಮಾಹಿತಿ ಕೊಡಲು ಎಚ್ಚರ ವಹಿಸಬೇಕು, ಕೇಳಿದಾಗ ಹಿಂಜರಿಯದೆ ತನ್ನ ಹೆಸರು, ಹುದ್ದೆ ಹೇಳಬೇಕು. ಇದನ್ನು ಓದಿದಾಗಲೆಲ್ಲ ನಮಗೆ ಆ ಹಳ್ಳಿಯ ಮಾಸ್ತರರು ಗೂಟದತ್ತ ಕೈಚಾಚಿದ್ದು ನೆನಪಾಗುತ್ತದೆ.

ಬಿಲ್ಲೆಯನ್ನು ಏನು ಮಾಡುವುದೆಂದು ನಮ್ಮಲ್ಲಿ ಎರಡು ದಿನ ವಾದವಾಯಿತು. ತಂಗಿ, ಅದು ಅವ್ವನ ನೆನಪು, ಮನೆಯಲ್ಲಿಯೇ ಇರಲಿ ಎಂದಳು. ಅಣ್ಣ, ಅದು ನಮ್ಮದಲ್ಲ ಎಂದ. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆದಿದೆ. ಸಂಕ್ರಾಂತಿಯ ನಂತರ ಮೂವರೂ ಕೂಡಿ ಅಲ್ಲಿಗೆ ಹೋಗಿ ಕೊಡುವುದೆಂದು ಕೊನೆಗೆ ಗೊತ್ತಾಯಿತು. ತಂಗಿ ಈಗಲೇ ಹುಣಸೆಹಣ್ಣು ನೆನೆಹಾಕಿ ಅದನ್ನು ಬೆಳಗಿಟ್ಟಿದ್ದಾಳೆ. ಜೊತೆಗಿಡಲು ನಾವೊಂದು ಚೀಟಿ ಬರೆದಿದ್ದೇವೆ: 'ಈ ಬಿಲ್ಲೆ ಕಳೆದಿರಲಿಲ್ಲ. ಎಪ್ಪತ್ತು ವರುಷಕ್ಕೂ ಮಿಕ್ಕಿ ತಡವಾಗಿ ಒಪ್ಪಿಸುತ್ತಿದ್ದೇವೆ.' ಕೆಳಗೆ ಮೂವರ ಹೆಸರನ್ನೂ ಬರೆದಿದ್ದೇವೆ.