ಆ ಒಂಟೆಗಳ ಚಿತ್ರ ನಮ್ಮ ಮಕ್ಕಳಿಗೂ ಸಿಗಲಿ

ಅರಬರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದೇನು? ಮರಳುಗಾಡು, ಎಣ್ಣೆಬಾವಿ, ಟಿ.ವಿ.ಯಲ್ಲಿ ಕಾಣುವ ಯುದ್ಧ. ಕಡೂರು ತಾಲೂಕಿನ ಎಮ್ಮೆದೊಡ್ಡಿಯಂಥ ಊರಿನ ನಮಗೆ ಬೇರೇನೂ ತಲುಪುವುದಿಲ್ಲ. ಗಲ್ಫ್‌ನಿಂದ ಬರುವವರು ಖರ್ಜೂರ ತರುತ್ತಾರೆ, ಅತ್ತರು ತರುತ್ತಾರೆ. ಪುಸ್ತಕ ತಂದವರನ್ನು ನಾವು ಕಂಡಿಲ್ಲ.

ಬಸ್ರಾದ ಅಲ್ ಹರೀರಿ (ನಿಧನ 1122) ಬರೆದ 'ಮಕಾಮಾತ್' ನಮ್ಮ ಅರಬಿ ಮದ್ರಸಾಗಳಿಗೆ ಹೊಸದಲ್ಲ. ಮಾತಿನ ಮೋಡಿಯಿಂದಲೇ ಹೊಟ್ಟೆ ಹೊರೆಯುವ ಅಬೂ ಝೈದ್ ಎಂಬ ಚತುರನ 50 ಕಥೆಗಳವು. ಕಠಿಣ ಪದಗಳ ಪಠ್ಯವೆಂದು ಅದನ್ನು ಓದಿಸುತ್ತಾರೆ. ಆದರೆ ಅದಕ್ಕೆ ಚಿತ್ರಗಳೂ ಇದ್ದವೆಂದು ಎಷ್ಟು ಮಂದಿ ಬಲ್ಲರು? 1237ರಲ್ಲಿ ಯಹ್ಯಾ ಅಲ್ ವಾಸಿತಿ ಎಂಬವರು ಇಡೀ ಕೃತಿಯನ್ನು ಪ್ರತಿ ಮಾಡಿ, 99 ಚಿತ್ರಗಳನ್ನೂ ತಾವೇ ಬಿಡಿಸಿದರು. 1258ರಲ್ಲಿ ಮಂಗೋಲರ ದಾಳಿಗೆ ಬಗ್ದಾದ್ ನೆಲಕಚ್ಚಿತು. ಆದರೆ ಈ ಹಸ್ತಪ್ರತಿ ಉಳಿಯಿತು. ಈಗದು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಅದರ ಒಂದು ಪುಟದಲ್ಲಿ ಒಂಟೆಗಳ ಹಿಂಡು, ಪಕ್ಕದಲ್ಲಿ ಅವನ್ನು ಕಾಯುವ ಹೆಂಗಸು. ಇನ್ನೊಂದರಲ್ಲಿ ಒಂದು ಹಳ್ಳಿ: ಮಸೀದಿ, ಕೊಳದ ಬಳಿ ಆಡುಗಳು, ಮಾಡಿನ ಮೇಲೆ ಕೋಳಿ. ಹೆಸರಿನಲ್ಲೇ ದೊಡ್ಡಿ ಇರುವ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಅರಬರೂ ನಮ್ಮಂತೆ ದನಕರು ಸಾಕಿಕೊಂಡು ಬದುಕಿದವರು ಎಂಬುದು ನೋಡಿದೊಡನೆ ತಿಳಿಯುತ್ತದೆ.

ಚಿತ್ರವೇ ಸಲ್ಲದು ಎನ್ನುವವರೂ ನಮ್ಮಲ್ಲಿದ್ದಾರೆ. ಅವರೊಡನೆ ವಾದಕ್ಕಿಳಿಯುವುದು ನಮ್ಮ ಉದ್ದೇಶವಲ್ಲ. ಅಬ್ಬಾಸಿ ಖಲೀಫರ ಕಾಲದ ಜನಜೀವನವನ್ನು ಆ ನಾಡಿನವರೇ ಬಿಡಿಸಿಟ್ಟ ದಾಖಲೆ ಇದು ಎಂಬುದನ್ನಷ್ಟೇ ನೆನಪಿಸುತ್ತೇವೆ.

ನಮ್ಮ ನಾಡಿನ ಗ್ರಂಥಗಳ ಗತಿಯೂ ಬೇರೆಯಲ್ಲ. ಬಿಜಾಪುರದ ಅಸರ್ ಮಹಲಿನಲ್ಲಿದ್ದ ಅರಬಿ, ಫಾರ್ಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ಅವು ಜೋಪಾನವಾಗಿವೆ, ನಿಜ. ಆದರೆ ಕಪಾಟಿನಲ್ಲಿ ಉಳಿಯುವುದು ಬೇರೆ, ಜನರ ನೆನಪಿನಲ್ಲಿ ಉಳಿಯುವುದು ಬೇರೆ.

ವಾಸಿತಿಯ ಚಿತ್ರಗಳನ್ನು ಇಂದು ಮೊಬೈಲಿನಲ್ಲೇ ನೋಡಬಹುದು. ಆದರೆ ಪುಟದಲ್ಲಿರುವುದು ಅರಬಿ, ವಿವರಣೆ ಇರುವುದು ಫ್ರೆಂಚಿನಲ್ಲಿ. ಇಪ್ಪತ್ತೇ ಚಿತ್ರಗಳಿರಲಿ, ಪ್ರತಿಯೊಂದರ ಕೆಳಗೆ ನಾಲ್ಕು ಸಾಲು ಕನ್ನಡವಿರಲಿ, ಕೂಲಿ ಮಾಡುವ ತಂದೆಯೂ ಕೊಳ್ಳುವಂಥ ಬೆಲೆಯಿರಲಿ. ಮದುವೆ ಮಂಟಪದ ಅಲಂಕಾರಕ್ಕೆ ನಾವು ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಸಾಕಾಗದೇ? ಅದು ಮದ್ರಸಾಕ್ಕೂ ಹೋಗಲಿ, ಸರಕಾರಿ ಶಾಲೆಗೂ ಹೋಗಲಿ. ಫಾತಿಮಾ ಮತ್ತು ಗೌರಿ ಒಂದೇ ಬೆಂಚಿನಲ್ಲಿ ಕುಳಿತು ಆ ಒಂಟೆಗಳನ್ನು ಎಣಿಸಲಿ.