ಮೂರು ನಮೂನೆಯ ರಂಜಕ

ನಮ್ಮ ಸಗರನಾಡಿನಲ್ಲಿ ರಂಜಕ ಎಂದರೆ ಮೊದಲು ಬಾಯಲ್ಲಿ ನೀರೂರುತ್ತದೆ. ಕೆಂಪು ಹಸಿಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ಲಿಂಬಿಹುಳಿ ಸೇರಿಸಿ ಕಲ್ಲಿನಲ್ಲಿ ಅರೆದು ಭರಣಿಗೆ ತುಂಬಿಟ್ಟರೆ ಆಯಿತು, ಖಡಕ್ ರೊಟ್ಟಿಗೆ ಮತ್ತೊಂದು ಬೇಡ. ಹಳೆಯ ಕಾಲದಲ್ಲಿ ಬಂದೂಕಿನ ಕಿವಿಗೆ ಹಾಕುತ್ತಿದ್ದ ಮದ್ದಿಗೂ ಇದೇ ಹೆಸರು. ಸುರಪುರದ ಕೋಟೆಯವರಿಗೆ ಆ ರಂಜಕವೂ ಗೊತ್ತಿತ್ತು. ಕೃಷಿ ಇಲಾಖೆಯವರ ರಂಜಕ ಮಾತ್ರ ಗೊಬ್ಬರದ ಚೀಲದಲ್ಲಿರುತ್ತದೆ, ಫಾಸ್ಫರಸ್. ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಎಂಬಾತ 1669ರಲ್ಲಿ ಬಂಗಾರ ಸಿಕ್ಕೀತೆಂದು ಮೂತ್ರವನ್ನು ಕುದಿಸಿ ಕುದಿಸಿ ಬತ್ತಿಸಿದಾಗ, ಕತ್ತಲಲ್ಲಿ ತಾನೇ ಹೊಳೆಯುವ ಈ ವಸ್ತು ಕೈಗೆ ಬಂತು. ಮೂರು ರಂಜಕದಲ್ಲೂ ಬೆಂಕಿ ಇದೆ ಎನ್ನುವುದು ನನಗೆ ತಡವಾಗಿ ತಿಳಿಯಿತು. ತಿಳಿಸಿದ್ದು ಸೇವಂತಿ ಗಿಡ.

ಶಹಾಪುರದ ನಮ್ಮ ಮಾಳಿಗೆಯ ಮೇಲೆ ಬಣ್ಣದ ಹಳೆ ಡಬ್ಬಿಗಳಲ್ಲಿ ಸೇವಂತಿ ಬೆಳೆಯುವುದು ನನ್ನ ಚಟ. ಕೆಲವರಿಗೆ ಇಸ್ಪೀಟು, ನನಗಿದು. ಹೂ ಮುಗಿದ ಮೇಲೆ ಬುಡದಲ್ಲಿ ಏಳುವ ಮರಿಗಳನ್ನು ಬಿಡಿಸಿ, ನಮ್ಮ ಬ್ಯಾಸಿಗೆಯ ಝಳಕ್ಕೆ ಸಿಗದಂತೆ ನೆರಳಲ್ಲಿ ಕಾಪಾಡಬೇಕು. ಅರ್ಧ ಸಾಯುತ್ತವೆ. ಉಳಿದವನ್ನು ಮಿರಗ ಮಳೆಗೆ ಡಬ್ಬಿಗೆ ಹಾಕುವುದು. ನಾಲ್ಕೆಲೆ ಬಂದಾಗ ಕುಡಿ ಚಿವುಟುವ ಸುಖ ಬಲ್ಲವನೇ ಬಲ್ಲ. ಉಗುರಿಗೆ ಹಸಿರು ಹತ್ತುತ್ತದೆ, ಬೆರಳಿನಲ್ಲಿ ಆ ಕಹಿ ಘಮ ಊಟದ ಹೊತ್ತಿನವರೆಗೂ ಉಳಿಯುತ್ತದೆ. ಒಂದು ಕುಡಿ ಹೋದಲ್ಲಿ ಮೂರು ಹೊರಡುತ್ತವೆ. ಮಣ್ಣು ಕಲಸುವುದಂತೂ ಹಿಟ್ಟು ನಾದಿದ ಹಾಗೆಯೇ: ಎರೆಮಣ್ಣು ಒಂದು ಪಾಲು, ಗುಡ್ಡದ ಕಡೆಯ ಮಸಾರಿ ಒಂದು ಪಾಲು, ತಿಪ್ಪೆಗೊಬ್ಬರ ಒಂದು ಪಾಲು. ಹಿಡಿ ಕಟ್ಟಿದರೆ ಮುದ್ದೆಯಾಗಬೇಕು, ತಟ್ಟಿದರೆ ಉದುರಬೇಕು.

ಒಂದು ವರ್ಷ ದುರಾಸೆ ಬಂತು. ಗೊಬ್ಬರ ಕೊಳ್ಳಲು ಹೋದ ಕಡೆ ಒಬ್ಬರು, “ಸರ, ಹೂ ಬೇಕಂದ್ರ ಡಿಎಪಿ ಹಾಕ್ರಿ, ಗಿಡ ಕಾಣಂಗಿಲ್ಲ, ಬರೇ ಹೂವಾ ಕಾಣ್ತಾವ” ಅಂದರು. ಡಿಎಪಿ ಎಂದರೆ ನೂರಕ್ಕೆ 18 ಸಾರಜನಕ, 46 ರಂಜಕ (ಪೆಂಟಾಕ್ಸೈಡ್ ಲೆಕ್ಕದಲ್ಲಿ). ಚಮಚೆಯಲ್ಲಿ ಅಳೆಯಬೇಕಾದ್ದನ್ನು ಡಬ್ಬಿಗೊಂದು ಹಿಡಿ ಸುರಿದೆ. ಹದಿನೈದು ದಿನಕ್ಕೆ ಮತ್ತೊಂದು ಹಿಡಿ. ಶ್ರಾವಣ ಮುಗಿಯುವ ಹೊತ್ತಿಗೆ ಎಳೆಯ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ನಿಂತವು. ಕೆಲವು ಎಲೆಗಳ ಅಂಚು ಸುಟ್ಟಿತು.

ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಹಳೆಯ ಶಿಷ್ಯನೊಬ್ಬ ಮಾಳಿಗೆ ಹತ್ತಿ ಬಂದು ನಕ್ಕ. “ಸರ, ನಮ್ಮ ಎರಿ ಮಣ್ಣಾಗ ಸುಣ್ಣ ಐತ್ರಿ. ರಂಜಕ ಹಾಕಿದ್ರ ಅದು ಹಿಡದು ಕುಂದರ್ತದ. ಗಿಡಕ್ಕ ಸಿಗೋದು ಚೂರ. ನೀವು ಮ್ಯಾಲ ಮ್ಯಾಲ ಸುರದ್ರ ಕಬ್ಬಿಣ, ಸತುವು ಸೈತ ಸಿಗದಂಗ ಆಗತಾವ.” ರಂಜಕ ನೀರಿನೊಡನೆ ಓಡಾಡುವ ಜಾತಿಯಲ್ಲ, ಮಣ್ಣಿನಲ್ಲಿ ಕೆಲವೇ ಮಿಲಿಮೀಟರ್ ಸರಿದರೆ ಹೆಚ್ಚು. ಆದ್ದರಿಂದ ಮೇಲೆ ಉದುರಿಸುವುದಲ್ಲ, ನೆಡುವಾಗಲೇ ತಿಪ್ಪೆಗೊಬ್ಬರದಲ್ಲಿ ಕಲಸಿ ಬೇರಿನ ಬಾಯಿಗೆ ಇಡಬೇಕು. ರಂಜಕವೇ ಇಲ್ಲದಿದ್ದರೆ ಏನಾಗುತ್ತದೆಂದೂ ತೋರಿಸಿದ. ಗೊಬ್ಬರ ಮರೆತ ಮೂಲೆಯ ಡಬ್ಬಿಯೊಂದರಲ್ಲಿ ಗಿಡ ಗಿಡ್ಡಾಗಿ ನಿಂತಿತ್ತು. ಎಲೆ ಕಪ್ಪುಹಸಿರು, ಬುಡದ ಹಳೆ ಎಲೆಗಳ ಬೆನ್ನಿಗೆ ನೇರಳೆ ಛಾಯೆ.

ಹೋಗುವ ಮುಂಚೆ ಅವನು ಹೇಳಿದ ಮಾತೊಂದು ಸ್ವಾರಸ್ಯದ್ದು. ಇದೇ ರಂಜಕದ ಲೆಕ್ಕವನ್ನು ಇಸ್ರೇಲಿನವರು ಔಷಧಿಯ ಗಾಂಜಾ ಗಿಡದ ಮೇಲೆ ನೋಡಿ 2021ರಲ್ಲಿ ಪ್ರಕಟಿಸಿದ್ದಾರಂತೆ. ತೀರಾ ಕಡಿಮೆ ಕೊಟ್ಟರೆ ಗಿಡ ಬೆಳೆಯಲಿಲ್ಲ. ಹೆಚ್ಚಿಸಿದಂತೆ ಗಿಡವೇನೋ ಕೊಬ್ಬಿತು, ಆದರೆ ತೆನೆಯಲ್ಲಿನ ಔಷಧಿ ಸತ್ವದ ಪ್ರಮಾಣ ಇಳಿಯಿತು. ಗಾಂಜಾ ಎಂದಾಕ್ಷಣ ನಮ್ಮ ಕಡೆಯವರಿಗೆ ಕೃಷ್ಣೆಯ ದಂಡೆಯ ತಿಂಥಣಿ ನೆನಪಾಗುತ್ತದೆ. ಮೌನೇಶ್ವರನ ಸನ್ನಿಧಿಯಲ್ಲಿ ಅದು ಭಕ್ತರಿಗೆ ಪ್ರಸಾದ. ಹಾಗೆಂದು ಹಿತ್ತಲಲ್ಲಿ ಹಾಕುವಂತಿಲ್ಲ. 1985ರ ಕಾಯ್ದೆ ಬಿಡುವುದಿಲ್ಲ, ನನಗೂ ಸೇವಂತಿಯೇ ಸಾಕು.

ಆದರೂ ಈ ಎರಡು ಗಿಡಗಳಿಗೆ ಒಂದು ನಂಟುಂಟು: ಎರಡೂ ಇರುಳು ಉದ್ದವಾದಾಗಲೇ ಹೂ ಬಿಡುವಂಥವು. ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ಲೆಕ್ಕವನ್ನು ಮೊದಮೊದಲು ಗುರುತಿಸಿದವರಲ್ಲಿ ಒಬ್ಬ, ಫ್ರಾನ್ಸಿನ ತೂರ್ನ್ವಾ, ಗಾಂಜಾ ಕುಲದ ನಾರಿನ ಗಿಡವನ್ನೇ ಬೆಳೆಸಿ ನೋಡಿದ್ದ. ಅದು 1912ರ ಸುಮಾರು. ನನಗೆ ಕಲಿಸಿದ್ದು ಬೀದಿ ದೀಪ. ಮಾಳಿಗೆಯ ಅಂಚಿನ ಡಬ್ಬಿಯಲ್ಲಿ ದೀಪದ ಕಡೆಯ ಅರ್ಧಕ್ಕೆ ದೀಪಾವಳಿ ಕಳೆದರೂ ಮೊಗ್ಗಿಲ್ಲ, ಕತ್ತಲಿನ ಅರ್ಧದಲ್ಲಿ ಮುತ್ತಿನಂತೆ ಮೊಗ್ಗು! ಎರಡೂ ಕಡೆ ಬಿದ್ದಿದ್ದು ಒಂದೇ ಹಿಡಿ ಡಿಎಪಿ.

ಈಗ ನೆಡುವಾಗ ಡಬ್ಬಿಗೆ ಅರ್ಧ ಚಮಚೆ ಸೂಪರ್ ಫಾಸ್ಫೇಟ್, ಅದೂ ಗೊಬ್ಬರದಲ್ಲಿ ಕಲಸಿ. ಆಮೇಲೆ ಕೈ ಕಟ್ಟಿಕೊಂಡು ಕೂರುವುದು ಕಷ್ಟವೇ. ಮೊನ್ನೆ ಮತ್ತೆ ಚಮಚೆ ಹಿಡಿದು ಮಾಳಿಗೆ ಹತ್ತಲು ಹೊರಟಿದ್ದೆ. ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನಮ್ಮಾಕೆ ತಲೆ ಎತ್ತದೆ ಅಂದಳು: “ರಂಜಕ ರೊಟ್ಟಿಗೆ ಹಚ್ಕೊಂಡು ತಿಂತೀರೋ, ರಂಜಕಕ್ಕ ರೊಟ್ಟಿ ಹಚ್ಕೊಂಡು ತಿಂತೀರೋ?” ಚಮಚೆ ಅಲ್ಲೇ ಇಟ್ಟೆ. ಮೇಲೆ ಹೋಗಿ, ದೀಪದ ಬದಿಯ ಡಬ್ಬಿಗಳನ್ನು ಒಂದೊಂದಾಗಿ ನೀರಿನ ಟಾಕಿಯ ಹಿಂದಿನ ಕತ್ತಲಿಗೆ ಸರಿಸತೊಡಗಿದೆ.