ಬಿದ್ದದ್ದಲ್ಲ, ಗುದ್ದಿದ್ದು

ಮೂವತ್ತು ವರ್ಷಗಳಿಂದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಪ್ರಯೋಗದ ಪುಸ್ತಕದಲ್ಲಿ 'ವೀಕ್ಷಣೆ' ಎಂದಿರುವ ಕಡೆ ಕಂಡದ್ದನ್ನಷ್ಟೇ ಬರೆಯಿರಿ, ಪಕ್ಕದವನದನ್ನು ನೋಡಿ ಬರೆಯಬೇಡಿ ಎಂದು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ. ಅಂಥ ನಾನೇ 2023ರ ಒಂದು ಸಂಜೆ ಆಸ್ಪತ್ರೆಯಲ್ಲಿ ಮಲಗಿಕೊಂಡು, ನಡೆಯದೇ ಇದ್ದುದನ್ನು ಬರೆಸಿದೆ.

ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವ ರಸ್ತೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಕಬ್ಬಿನ ಕಾಲದಲ್ಲಿ ಗಾಡಿ, ಟ್ರ್ಯಾಕ್ಟರುಗಳು ಸಾಲುಗಟ್ಟಿದರೆ ನಡೆಯುವವನಿಗೆ ಉಳಿಯುವುದು ಟಾರಿಗೂ ಚರಂಡಿಗೂ ನಡುವಿನ ಒಂದು ಮೊಳ ಜಾಗ. ಬಸ್ಸಿಳಿದು ಆ ಒಂದು ಮೊಳದಲ್ಲಿ ಎಡಗಡೆ ಹೊರಟಿದ್ದೆ. ಫುಟ್‌ಪಾತ್ ಇಲ್ಲದ ಕಡೆ ಎದುರು ಬರುವ ವಾಹನ ಕಾಣುವಂತೆ ಬಲಗಡೆ ನಡೆಯಬೇಕೆಂದು ಮಕ್ಕಳಿಗೆ ಹೇಳುವವನೂ ನಾನೇ! ಹಿಂದಿನಿಂದ ಬಂದ ಕಾರು ಎದುರಿನ ಬಸ್ಸನ್ನು ತಪ್ಪಿಸಲು ಎಡಕ್ಕೆ ಎಳೆಯಿತು. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಮಾಡಿಸಿದ್ದೆ. ಈ ಸಲ ಉತ್ತರ ನನ್ನ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಬಂತು.

ಕಾರಿನ ಹುಡುಗ ಓಡಿಹೋಗಲಿಲ್ಲ. ಅವನೇ ಎತ್ತಿ ಕೂರಿಸಿ ಆಸ್ಪತ್ರೆಗೆ ತಂದ. ದಾರಿಯುದ್ದಕ್ಕೂ ಅಳು. "ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಜಾರಿ ಬಿದ್ದೆ ಅಂತ ಬರ್ಸಿಬುಡಿ. ಕಾರು ನಂದಲ್ಲ, ಕೆಲ್ಸದಿಂದ ತಗ್ದುಬುಡ್ತಾರೆ. ಖರ್ಚು ನಾನು ನೋಡ್ಕೋತೀನಿ." ನನ್ನ ಶಿಷ್ಯರ ವಯಸ್ಸು. ಡಾಕ್ಟರು ಕೇಳಿದಾಗ "ಜಾರಿ ಬಿದ್ದೆ" ಅಂದೆ. ದೊಡ್ಡತನ ಮಾಡಿದೆನೆಂಬ ಹಮ್ಮೂ ನೋವಿನ ಜೊತೆಗೆ ಸ್ವಲ್ಪ ಇತ್ತು. ಮೂರನೆಯ ದಿನದಿಂದ ಹುಡುಗನ ಫೋನು ಸ್ವಿಚ್ ಆಫ್.

ಕಾಲಿಗೆ ರಾಡು ಹಾಕಿದರು. ಬಿಲ್ಲು ನೋಡಿ ಮನೆಯವಳು, "ಮಕ್ಕಳು ಸುಳ್ಳು ಬರೆದರೆ ಸೊನ್ನೆ ಕೊಡ್ತೀರಲ್ಲ, ನಿಮಗೆಷ್ಟು?" ಎಂದಳು. ಕೆ.ಆರ್.ಪೇಟೆಯಿಂದ ಬಂದ ಭಾವ, ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಮನೆಗೇ ಕರೆಸಿದರು. ಅವನು ಕೇಳಿದ ಮೊದಲ ಪ್ರಶ್ನೆ: "ಸಾರ್, ಆಸ್ಪತ್ರೆಯಲ್ಲಿ ಏನಂತ ಬರೆಸಿದ್ರಿ?" ನಾನು ತಲೆ ತಗ್ಗಿಸಿದೆ.

ಅಂದು ನಾನು ವಿದ್ಯಾರ್ಥಿ, ಅವನು ಮೇಷ್ಟರು. ವಾಹನ ಬಡಿದದ್ದೆಂದು ಹೇಳಿದ್ದರೆ ಆಸ್ಪತ್ರೆಯಿಂದಲೇ ಪೊಲೀಸರಿಗೆ ಸುದ್ದಿ ಹೋಗುತ್ತಿತ್ತು. ಎಫ್‌ಐಆರ್, ಸ್ಥಳದ ಮಹಜರು, ಗಾಯದ ಪ್ರಮಾಣಪತ್ರ, ವಾಹನ ತಪಾಸಣೆಯ ವರದಿ ಒಂದರ ಹಿಂದೆ ಒಂದು ಬರುತ್ತಿದ್ದವು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೂರನೆಯವರಿಗಾಗುವ ಹಾನಿಗೆ ವಿಮೆ ಕಡ್ಡಾಯ. ವಿಮೆ ಇದ್ದರೆ ಪರಿಹಾರ ಕೊಡುವುದು ಕಂಪನಿ. ಹುಡುಗನ ಮೇಲೆ ಕೇಸು ಆಗುತ್ತಿತ್ತು, ನಿಜ. ಆದರೆ ಆಸ್ಪತ್ರೆಯ ಖರ್ಚು ಅವನ ತಲೆಯ ಮೇಲೂ ಬೀಳಬೇಕಿರಲಿಲ್ಲ, ನನ್ನ ತಲೆಯ ಮೇಲೂ ಬೀಳಬೇಕಿರಲಿಲ್ಲ. ನನ್ನ ಕರುಣೆಯಿಂದ ಉಳಿದದ್ದು ಕಂಪನಿಯ ದುಡ್ಡು! ಅಪಘಾತ ನಡೆದ ಊರಿನ ವ್ಯಾಪ್ತಿಯಲ್ಲಾಗಲಿ ನಾವು ವಾಸಿಸುವ ಕಡೆಯಾಗಲಿ ಅರ್ಜಿ ಹಾಕಬಹುದು. 2019ರ ತಿದ್ದುಪಡಿಯಲ್ಲಿ ಆರು ತಿಂಗಳ ಮಿತಿ ಹೇಳಿರುವುದರಿಂದ ಅಷ್ಟರೊಳಗೆ ಹಾಕುವುದೇ ಕ್ಷೇಮ. ಗುದ್ದಿ ಓಡಿದ ಗಾಡಿಯ ಗುರುತೇ ಸಿಗದಿದ್ದರೂ 2022ರ ಏಪ್ರಿಲ್ 1ರ ನಂತರದ ಪ್ರಕರಣಗಳಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಉಂಟು. ಇದೊಂದೂ ಈ ಬಿ.ಎಸ್ಸಿ., ಬಿ.ಎಡ್.ಗೆ ಗೊತ್ತಿರಲಿಲ್ಲ.

ಹದಿನೆಂಟು ದಿನ ತಡವಾಗಿ ದೂರು ಕೊಟ್ಟೆ. ಬಸ್‌ಸ್ಟಾಪಿನ ಟೀ ಅಂಗಡಿಯವನು ಕಾರಿನ ನಂಬರು ಗೋಡೆಯ ಮೇಲೆ ಗೀಚಿಟ್ಟಿದ್ದ; ಸಾಕ್ಷಿಯನ್ನೂ ಹೇಳಿದ. ನನಗಿಂತ ಅವನೇ ಒಳ್ಳೆಯ ವಿಜ್ಞಾನಿ. ಪಾಟೀಸವಾಲಿನಲ್ಲಿ ಕಂಪನಿಯ ವಕೀಲರು ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಡಾಕ್ಟರ ಹತ್ತಿರ ಹೇಳಿದ್ದು ಸುಳ್ಳೋ, ಇಲ್ಲಿ ಹೇಳ್ತಿರೋದು ಸುಳ್ಳೋ?" ಕಾಲು ಮುರಿದಾಗಲೂ ಅಷ್ಟು ನೋವಾಗಿರಲಿಲ್ಲ. "ಅಲ್ಲಿ ಹೇಳಿದ್ದು ಸುಳ್ಳು ಸ್ವಾಮಿ" ಅಂದೆ. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿನ ತೀರ್ಮಾನದ ಮೇಲೆ ಅಪೀಲಿಲ್ಲ. ಬರಬೇಕಾದುದಕ್ಕಿಂತ ಕಡಿಮೆಯೇ ಬಂತು. ಆ ಒಂದು ಮಾತಿನ ಬೆಲೆ ಅದು ಎಂದುಕೊಂಡು ಸಹಿ ಹಾಕಿದೆ.

ಹೋದ ತಿಂಗಳು ನಮ್ಮ ಬೀದಿಯ, ಕಳೆ ಕೀಳಲು ಹೋಗುವ ಹೆಣ್ಣುಮಗಳೊಬ್ಬಳಿಗೆ ಬೈಕು ಬಡಿಯಿತು. ಕುಂಟುತ್ತಲೇ ಆಸ್ಪತ್ರೆಗೆ ಹೋದೆ. "ಬೈಕಿನವ್ರು ಐದು ಸಾವ್ರ ಕೊಡ್ತಾರಂತೆ ಸಾ, ಬಿದ್ದೆ ಅನ್ಲಾ?" ಎಂದು ನನ್ನನ್ನೇ ಕೇಳಿದಳು. ವಕೀಲರಿಗೆ ದುಡ್ಡಿಲ್ಲವೆಂಬ ಹೆದರಿಕೆ ಅವಳದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ವರಮಾನ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇದೆ, ನಾನೇ ಜೊತೆಗೆ ಬರುತ್ತೇನೆ ಎಂದೆ.

"ಏನಾಯ್ತೋ ಅದನ್ನ ಹೇಳವ್ವ."

ಅವಳು ಹೇಳಿದಳು. ಡಾಕ್ಟರು ಬರೆದು ಮುಗಿಸುವವರೆಗೂ ನಾನು ಅಲ್ಲೇ ನಿಂತಿದ್ದೆ.